ಲಾಕ್ ಹೋಯ್ತು ಅಂದುಕೊಂಡಿದ್ದೆ: ಒಂದು ಕನ್ನಡ ಡಿಟಿಪಿ ತಂತ್ರಾಂಶದ ಜೊತೆ 21 ವರ್ಷ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಹೊಡೆದು ಪುಟ ಕಟ್ಟಿಕೊಡೋದು. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಬಿಲ್ ಬುಕ್ಕು, ಆಗೊಮ್ಮೆ ಈಗೊಮ್ಮೆ ಸಂಘದ ವಾರ್ಷಿಕ ವರದಿ. 2004ರಿಂದ ಒಂದೇ ಕಂಪನಿಯ ಕನ್ನಡ ತಂತ್ರಾಂಶ ಬಳಸುತ್ತಿದ್ದೇನೆ, ಮೂರು ಆವೃತ್ತಿ ದುಡ್ಡು ಕೊಟ್ಟೇ ತಗೊಂಡಿದ್ದೇನೆ. ಹೆಸರು ಬರೆಯಲ್ಲ. ಇಂಥವು ನಾಲ್ಕಾರು ಇವೆ, ಕಥೆ ಎಲ್ಲದರದೂ ಹೆಚ್ಚುಕಡಿಮೆ ಒಂದೇ. ಎಷ್ಟು ಫಾಂಟ್ ಕೊಡ್ತಾರೆ, ಯಾವ ಯಾವ ಕೀಬೋರ್ಡ್ ಲೇಔಟ್ ಇದೆ ಅನ್ನೋದೆಲ್ಲ ಅವರ ಕರಪತ್ರದಲ್ಲೇ ಸಿಗುತ್ತೆ, ಅದನ್ನ ನಾನು ಮತ್ತೆ ಕುಟ್ಟೋದು ಬೇಡ.

ನನ್ನ ಸಿಟ್ಟು ಒಂದೇ ಒಂದು ವಿಷಯಕ್ಕೆ. ಆಕ್ಟಿವೇಷನ್. ಅಂದರೆ ದುಡ್ಡು ಕೊಟ್ಟು ತಗೊಂಡ ತಂತ್ರಾಂಶ ಈ ಕಂಪ್ಯೂಟರಿನಲ್ಲಿ ಓಡಬಹುದು ಅಂತ ಕಂಪನಿ ಕೊಡೋ ಒಪ್ಪಿಗೆ.

ಮೊದಲು ಹಳೇ ಕಾಲದ್ದು ಹೇಳ್ತೀನಿ. 2004ರಲ್ಲಿ ಸಿಡಿ ಜೊತೆ ಒಂದು ಲಾಕ್ ಕೊಟ್ಟಿದ್ದರು, ಅದು ಕಂಪ್ಯೂಟರಿಗೆ ಚುಚ್ಚಿದ್ದರಷ್ಟೇ ತಂತ್ರಾಂಶ ಓಡೋದು. ಬೆಂಕಿಪೊಟ್ಟಣದಷ್ಟು ದಪ್ಪ, ಎರಡೂ ಕಡೆ 25 ಪಿನ್ನಿನ ಮೂತಿ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಕೇಬಲ್ ಚುಚ್ಚುವ ಜಾಗಕ್ಕೆ ಲಾಕ್, ಲಾಕಿನ ಬೆನ್ನಿಗೆ ಪ್ರಿಂಟರ್ ಕೇಬಲ್. ಇಲಿ ಓಡಾಡಿ ಕೇಬಲ್ ಸ್ವಲ್ಪ ಜರುಗಿದರೂ ತಂತ್ರಾಂಶ ತೆರೆಯುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಷಟರ್ ಎತ್ತಿ, ದೇವರಿಗೆ ಊದುಬತ್ತಿ ಹಚ್ಚಿ, ಮೇಜಿನ ಕೆಳಗೆ ಮಂಡಿಯೂರಿ ಆ ಲಾಕ್ ಒಂದ್ಸಲ ಒತ್ತಿ ನೋಡೋದು ರೂಢಿಯಾಗಿಬಿಟ್ಟಿತು. ಆಮೇಲೆ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ತೆರೆದು ಖಾಲಿ ಹಾಳೆಯ ನೆತ್ತಿಯಲ್ಲಿ 'ಶ್ರೀ' ಅಂತ ಹೊಡೆಯೋದು. ಶ್ರೀ ಸರಿಯಾಗಿ ಮೂಡಿದರೆ ಲಾಕ್ ಕೂತಿದೆ ಅಂತ ಅರ್ಥ, ದಿನದ ಕೆಲಸ ಶುರು. ಇವತ್ತಿಗೂ ಮೊದಲು ಹೊಡೆಯೋದು ಶ್ರೀಯೇ. ಭಕ್ತಿ ಅಂತ ಗಿರಾಕಿಗಳು ತಿಳ್ಕೊಂಡಿದ್ದಾರೆ, ತಿಳ್ಕೊಳ್ಳಲಿ.

ಆಮೇಲೆ ಬಂದ ಮದರ್‌ಬೋರ್ಡುಗಳಲ್ಲಿ ಆ 25 ಪಿನ್ನಿನ ಜಾಗವೇ ಮಾಯವಾಯಿತು. 2012ರಲ್ಲಿ ದುಡ್ಡು ಕೊಟ್ಟು ಯುಎಸ್‌ಬಿ ಲಾಕಿಗೆ ಬದಲಾಯಿಸಿಕೊಂಡೆ. ಚಿಕ್ಕದು, ಒಳಗೆ ಕೆಂಪು ದೀಪ. ಏಳು ವರ್ಷ ತಕರಾರಿಲ್ಲದೆ ನಡೀತು. ನಿಜ ಹೇಳಬೇಕಂದ್ರೆ ಅದೇ ಸುಖದ ಕಾಲ. ವಿಂಡೋಸ್ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ, ಬೇರೆ ಕಂಪ್ಯೂಟರಿಗೆ ಹಾಕಿದರೂ, ಲಾಕ್ ಚುಚ್ಚಿದರೆ ಮುಗೀತು. ಯಾರನ್ನೂ ಕೇಳಬೇಕಾಗಿರಲಿಲ್ಲ.

2019ರಲ್ಲಿ ಕಂಪನಿಯಿಂದ ಫೋನ್. "ಸರ್, ಹೊಸ ವರ್ಷನ್ನಲ್ಲಿ ಲಾಕೇ ಇಲ್ಲ, ಕಳೆದುಹೋಗೋ ಭಯ ಇಲ್ಲ, ಎಲ್ಲಾ ಆನ್‌ಲೈನ್." ಅಪ್‌ಗ್ರೇಡಿಗೆ ಆರೂವರೆ ಸಾವಿರ, ಅದರ ಮೇಲೆ ಶೇ. 18 ಜಿಎಸ್‌ಟಿ. ನನ್ನಂಥ ಅಂಗಡಿಗೆ ಅದು ಒಂದು ಸೀಸನ್ನಿನ ಪೇಪರ್ ದುಡ್ಡು. ಆದರೂ ಕೊಟ್ಟೆ, ಸಂತೋಷವಾಗೇ ಕೊಟ್ಟೆ. ಹಳೇ ಲಾಕ್ ವಾಪಸ್ ಕಳಿಸಬೇಕು ಅಂದರು, ಕೊರಿಯರ್ ಖರ್ಚೂ ನಂದೇ.

ಹೊಸ ವ್ಯವಸ್ಥೆ ಹೀಗೆ: ತಂತ್ರಾಂಶ ನಿಮ್ಮ ಕಂಪ್ಯೂಟರಿನ ಒಂದಷ್ಟು ಬಿಡಿಭಾಗಗಳ ನಂಬರುಗಳನ್ನ ಓದಿ, ಕಲಸಿ, ಒಂದು ಉದ್ದನೆಯ 'ಮೆಷಿನ್ ಐಡಿ' ಮಾಡುತ್ತೆ. ಅದನ್ನ ಕಂಪನಿಗೆ ಕಳಿಸಿದರೆ ಅವರು ಅದಕ್ಕೆ ತಕ್ಕ ಕೋಡ್ ಕೊಡ್ತಾರೆ. ಒಂದು ಲೈಸೆನ್ಸಿಗೆ ಇಂಥ ಕೋಡ್ ಮೂರು ಸಲ. ಯಾವ ಬಿಡಿಭಾಗ ಅನ್ನೋದು ಎಲ್ಲೂ ಬರೆದಿಲ್ಲ. ನನ್ನ ಕಥೆ ಕೆಟ್ಟಿದ್ದೆಲ್ಲ ಆ ಬರೆಯದೇ ಬಿಟ್ಟ ಜಾಗದಲ್ಲಿ.

2022ರಲ್ಲಿ ಹಾರ್ಡ್ ಡಿಸ್ಕ್ ಕಟ ಕಟ ಅಂತ ಎರಡು ದಿನ ಸದ್ದು ಮಾಡಿ ತಣ್ಣಗಾಯಿತು. ಬ್ಯಾಕಪ್ ಇತ್ತು, ಫೈಲ್ ಹೋಗಲಿಲ್ಲ. ಅದರ ಜಾಗಕ್ಕೆ ಎಸ್‌ಎಸ್‌ಡಿ ಅನ್ನೋ ಹೊಸ ಬಗೆಯ ಡಿಸ್ಕ್ ಹಾಕಿಸಿ, ಎಲ್ಲಾ ಹೊಸದಾಗಿ ಹಾಕಿ ಸಪೋರ್ಟಿಗೆ ಫೋನ್ ಮಾಡಿದೆ.

"ಸರ್, ಫಾರ್ಮ್ಯಾಟ್ ಮಾಡೋಕ್ ಮುಂಚೆ ಡಿಆಕ್ಟಿವೇಟ್ ಮಾಡಿದ್ರಾ?"

"ಡಿಸ್ಕೇ ಸತ್ತೋಯ್ತಲ್ಲ ಮೇಡಂ, ಎಲ್ಲಿಂದ ಮಾಡ್ಲಿ?"

"ಮಾಡಿದ್ರೆ ಆ ಕೋಡ್ ನಿಮಗೆ ವಾಪಸ್ ಸಿಗ್ತಿತ್ತು ಸರ್."

ಸತ್ತವನ ಹತ್ತಿರ ರಾಜೀನಾಮೆ ಪತ್ರ ಕೇಳಿದ ಹಾಗೆ. ಎರಡನೇ ಕೋಡ್ ಖರ್ಚಾಯಿತು. ಇನ್ನು ಉಳಿದಿದ್ದು ಒಂದು.

ಈಗ ಕಳೆದ ವರ್ಷಕ್ಕೆ ಬರೋಣ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲುತ್ತೆ ಅಂತ ಎಲ್ಲ ಕಡೆ ಗುಲ್ಲು. ನನ್ನದು ಇಂಟೆಲ್ ನಾಲ್ಕನೇ ಪೀಳಿಗೆಯ ಐ3. ವಿಂಡೋಸ್ 11 ಕೇಳೋದು ಎಂಟನೇ ಪೀಳಿಗೆಯಿಂದ ಮೇಲಿನದು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತೆಯ ವ್ಯವಸ್ಥೆ. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಬದಲಾಯಿಸದೆ ಗತಿಯಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿಯಲ್ಲಿ ನೊಣ ಹೊಡೀತಾ ಕೂತಿರ್ತೀನಿ, ಆಗಲೇ ಮಾಡಿಸಿದೆ.

ಇಲ್ಲೊಂದು ಒಳ್ಳೇ ಮಾತು ಹೇಳಲೇಬೇಕು. ನಾನು ಹೆದರಿದ್ದು ವಿಂಡೋಸಿಗೆ. 2001ರಲ್ಲಿ ಎಕ್ಸ್‌ಪಿ ಬಂದಾಗಿನಿಂದ ಈ ಆಕ್ಟಿವೇಷನ್ ಅನ್ನೋ ಪದವೇ ನಮ್ಮ ಕಿವಿಗೆ ಬಿದ್ದಿದ್ದು. ಫೋನಿನಲ್ಲಿ ಆರಾರು ಅಂಕಿಯ ಗುಂಪುಗಳನ್ನ ಒತ್ತಿ, ಆ ಕಡೆಯ ಯಂತ್ರ ಓದಿದ ಅಂಕಿಗಳನ್ನ ಲಗ್ನಪತ್ರಿಕೆ ರಟ್ಟಿನ ಹಿಂದೆ ಬರೆದುಕೊಂಡ ನೆನಪು ಇನ್ನೂ ಇದೆ. ಈ ಸಲ ಹಾಗೇನೂ ಆಗಲಿಲ್ಲ. ನನ್ನದು ರಿಟೇಲ್ ಕೀ, ಅಂದರೆ ಬಿಡಿಯಾಗಿ ಕೊಂಡಿದ್ದು. ಕಂಪ್ಯೂಟರ್ ಜೊತೆಯಲ್ಲೇ ಬರುವ ಒಇಎಂ ಲೈಸೆನ್ಸ್ ಆ ಬೋರ್ಡಿಗೇ ಅಂಟಿಕೊಂಡಿರುತ್ತೆ, ರಿಟೇಲನ್ನ ಬೇರೆ ಕಂಪ್ಯೂಟರಿಗೆ ಸಾಗಿಸಬಹುದು. ಮೊದಲೇ ಅದನ್ನ ನನ್ನ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದೆ. ಸೆಟ್ಟಿಂಗ್ಸಿನಲ್ಲಿ ಆಕ್ಟಿವೇಷನ್, ಅಲ್ಲಿ ಟ್ರಬಲ್‌ಶೂಟ್, 'ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ' ಅನ್ನೋದನ್ನ ಒತ್ತಿದೆ. ಖಾತೆಯಲ್ಲಿದ್ದ ಕಂಪ್ಯೂಟರುಗಳ ಪಟ್ಟಿ ಬಂತು, ನನ್ನದನ್ನ ಆರಿಸಿದೆ, ಮುಗೀತು. ಒಂದು ರೂಪಾಯಿ ಖರ್ಚಿಲ್ಲ, ಒಂದು ಫೋನಿಲ್ಲ. ಅಂದರೆ ಇದನ್ನ ಹೀಗೂ ಮಾಡಬಹುದು. ಇದು ಗೊತ್ತಾದ ಮೇಲೆ ಮುಂದಿನದು ಇನ್ನೂ ಉರೀತು.

ಕನ್ನಡ ತಂತ್ರಾಂಶಕ್ಕೆ ಈ ಸಲ ಬುದ್ಧಿವಂತನಾಗಿದ್ದೆ. ಹಳೇ ಬೋರ್ಡ್ ಬಿಚ್ಚುವ ಮೊದಲೇ ಡಿಆಕ್ಟಿವೇಟ್ ಮಾಡಿ, ಪರದೆಯ ಫೋಟೋ ತೆಗೆದಿಟ್ಟುಕೊಂಡೆ. ಆ ದಿನ ಅಂಗಡಿಯ ಇಂಟರ್ನೆಟ್ ಲೈನ್ ಕೆಟ್ಟಿತ್ತು. ಹೊಸ ಬೋರ್ಡಿನಲ್ಲಿ ವೈಫೈ ಇಲ್ಲ. ಮಗ ಅವನ ಕಂಪ್ಯೂಟರಿನ ಯುಎಸ್‌ಬಿ ವೈಫೈ ಕಡ್ಡಿ ತಂದುಕೊಟ್ಟ, ಉಗುರಿನಷ್ಟು ಚಿಕ್ಕದು, ನಾನ್ನೂರು ರೂಪಾಯಿದು. ಅದನ್ನ ಚುಚ್ಚಿ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಆಕ್ಟಿವೇಟ್ ಮಾಡಿದೆ. ಹಸಿರು ಟಿಕ್ ಬಂತು. ಶ್ರೀ ಹೊಡೆದೆ, ಮೂಡಿತು. ಮಗ ಸಂಜೆ ಅವನ ಕಡ್ಡಿ ಕಿತ್ತುಕೊಂಡು ಹೋದ.

ಬೆಳಿಗ್ಗೆ ತೆರೆದರೆ, 'ಈ ಕಂಪ್ಯೂಟರಿಗೆ ಲೈಸೆನ್ಸ್ ಇಲ್ಲ.'

ಮೆಷಿನ್ ಐಡಿ ನೋಡಿದೆ, ನಿನ್ನೆಯದಲ್ಲ, ಬೇರೆ. ರಾತ್ರಿ ಕಂಪ್ಯೂಟರನ್ನ ಯಾರೂ ಮುಟ್ಟಿಲ್ಲ. ಸಪೋರ್ಟಿಗೆ ಫೋನ್ ಮಾಡಿದರೆ ಲೈನ್ ಸಿಗಲ್ಲ. ಈಮೇಲ್ ಹಾಕಿದರೆ 'ಎರಡು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ' ಅಂತ ಯಂತ್ರದ ಉತ್ತರ. ಅಷ್ಟು ಹೊತ್ತಿಗೆ ಶ್ರಾವಣ ಹುಟ್ಟಿತ್ತು. ನೊಣವಿನಕೆರೆ ಕಡೆಯವರೊಬ್ಬರು ಪ್ರೂಫ್ ಹಿಡ್ಕೊಂಡು ಬಂದು ಎದುರಿಗೆ ಕೂತಿದ್ದಾರೆ. ಹುಡುಗನ ಹೆಸರು ಮಂಜುನಾಥ, ನಾನು 'ಮಂಜುನಾತ' ಅಂತ ಹೊಡೆದಿದ್ದೇನೆ. "ಒಂದಕ್ಷರ ಅಣ್ಣ, ಐದು ನಿಮಿಷ ಅಲ್ವಾ, ಕಾಯ್ತೀನಿ" ಅಂದರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಲೈಸೆನ್ಸ್ ಹೋದರೆ ಫಾಂಟ್ ಹೋಗಲ್ಲ. ಹಳೇ ಫೈಲು ತೆರೆಯುತ್ತೆ, ಅಕ್ಷರ ಕಾಣುತ್ತೆ, ಪ್ರಿಂಟೂ ಬರುತ್ತೆ. ಹೋಗೋದು ಕೀಬೋರ್ಡು. ಕನ್ನಡದಲ್ಲಿ ಹೊಸದಾಗಿ ಒಂದಕ್ಷರ ಒತ್ತಲಿಕ್ಕಾಗಲ್ಲ. ಏನು ಮಾಡಲಿ? ಹಳೇ ಲಗ್ನಪತ್ರಿಕೆಗಳ ಫೋಲ್ಡರ್ ತೆರೆದೆ. ಯಾರೋ ಸೋಮನಾಥ ಅಂತ 2017ರಲ್ಲಿ ಮದುವೆಯಾಗಿದ್ದ. ಅವನ ಹೆಸರಿನಿಂದ ಒಂದು 'ಥ' ಎತ್ತಿಕೊಂಡು ಬಂದು ಮಂಜುನಾಥನಿಗೆ ಅಂಟಿಸಿದೆ. ಗಿರಾಕಿ ಪತ್ರಿಕೆ ತಗೊಂಡು ಹೋದರು, ಅವರಿಗೇನೂ ಗೊತ್ತಾಗಲಿಲ್ಲ.

ನಮ್ಮಪ್ಪ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಲೋಹದ ಅಚ್ಚಕ್ಷರ, ಜೋಡಿಸುತ್ತಿದ್ದವರು. ಪೆಟ್ಟಿಗೆಯ ಒಂದೊಂದು ಮನೆಯಿಂದ ಒಂದೊಂದು ಮೊಳೆ ಎತ್ತಿ, ತಲೆಕೆಳಗಾಗಿ ಹಿಡಿದು ನೋಡಿ, ಕೈಯಲ್ಲಿ ಹಿಡಿಯುವ ಜೋಡಣೆಯ ಪಟ್ಟಿಯಲ್ಲಿ ಸಾಲು ಕಟ್ಟುತ್ತಿದ್ದರು. ಆ ಎರಡು ದಿನ ನಾನು ಮಾಡಿದ್ದು ಅದೇ ಕೆಲಸ. ಒಂದು ಗೃಹಪ್ರವೇಶದ ಕಾರ್ಡ್ ಪೂರ್ತಿ ಹೀಗೇ ಕಟ್ಟಿದೆ. 'ಸುಖಾಗಮನಾಭಿಲಾಷಿಗಳು' ಎಲ್ಲಾ ಕಾರ್ಡಿನಲ್ಲೂ ಇಡಿಯಾಗಿ ಸಿಗುತ್ತೆ, ಚಿಂತೆಯಿಲ್ಲ. ಕಷ್ಟ ಕೊಟ್ಟಿದ್ದು 'ಝಾನ್ಸಿ' ಅನ್ನೋ ಹೆಸರು. ಝಕಾರ ಹುಡುಕಲಿಕ್ಕೆ ಒಂದು ಗಂಟೆ ಹಿಡೀತು, ಕಡೆಗೆ ಸಿಕ್ಕಿದ್ದು ಒಂದು ಝೆರಾಕ್ಸ್ ಅಂಗಡಿಯ ಬಿಲ್ ಬುಕ್ಕಿನಲ್ಲಿ. ಸಿಟ್ಟಿನ ನಡುವೆಯೂ ಒಳಗೊಳಗೇ ಖುಷಿಯಾಗಿದ್ದು ಸುಳ್ಳಲ್ಲ. ಇಷ್ಟು ವರ್ಷ ಹೊಡೆದ ಅಕ್ಷರಗಳನ್ನ ನಾನು ಅಷ್ಟು ಹತ್ತಿರದಿಂದ ನೋಡೇ ಇರಲಿಲ್ಲ.

ಆ ಫಾಂಟ್ ಬಗ್ಗೆಯೂ ಒಂದು ಮಾತು, ಯಾಕೆ ಇದನ್ನ ಬಿಟ್ಟು ಹೋಗಲ್ಲ ಅಂತ ಕೇಳ್ತೀರಲ್ಲ. 'ಲಕ್ಷ್ಮೀ' ಅಂತ ಹೊಡೆದು ನೋಡಿ. ಕ ಕೆಳಗೆ ಷ ಒತ್ತು, ಅದರ ಜೊತೆಗೆ ಮ ಒತ್ತು. ನಾನು ನೋಡಿದ ಎಷ್ಟೋ ಫಾಂಟುಗಳಲ್ಲಿ ಆ ಎರಡನೇ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೋ ಗುಡಿಸಿಗೋ ಹೋಗಿ ಡಿಕ್ಕಿ ಹೊಡೆಯುತ್ತೆ. ಇದರಲ್ಲಿ ಎರಡೂ ಒತ್ತು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂರುತ್ತವೆ. ಲಗ್ನಪತ್ರಿಕೆಯಲ್ಲಿ ಲಕ್ಷ್ಮಿ ಇಲ್ಲದ ಪುಟ ತೋರಿಸಿ ನೋಡೋಣ. ಮನೆದೇವರು ಲಕ್ಷ್ಮೀರಂಗನಾಥ, ಛತ್ರ ಶ್ರೀಲಕ್ಷ್ಮಿ, ಅತ್ತೆ ಲಕ್ಷ್ಮಮ್ಮ.

ನುಡಿ ತಂತ್ರಾಂಶ ಇದೆಯಲ್ಲ ಅಂತೀರಿ. ಇದೆ, ಬಳಸ್ತೀನಿ. ಕನ್ನಡ ಗಣಕ ಪರಿಷತ್ತು ಮಾಡಿದ್ದು, ಉಚಿತ, ಕೀಯೂ ಇಲ್ಲ, ಕೋಡೂ ಇಲ್ಲ. ಸರ್ಕಾರಿ ಅರ್ಜಿ, ಪಂಚಾಯಿತಿ ಕಾಗದ ಎಲ್ಲಾ ಅದರಲ್ಲೇ. ಆದರೆ ನನ್ನ 21 ವರ್ಷದ ಫೈಲುಗಳು ಈ ಕಂಪನಿಯ ಹಳೇ ಸಂಕೇತದಲ್ಲಿ ಕೂತಿವೆ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಅನ್ನೋ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಇವರ ಫಾಂಟ್ ತೆಗೆದು ಬೇರೆಯವರದು ಹಾಕಿದರೆ ಕನ್ನಡ ಹೋಗಿ, ತಲೆಮೇಲೆ ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯಾಗುತ್ತೆ. ಕನ್ವರ್ಟರ್‌ಗಳಿವೆ. ನೂರು ಪುಟ ಬದಲಾಯಿಸಿ, ನೂರು ಪುಟವನ್ನೂ ಕೂತು ಓದಿ ಒತ್ತಕ್ಷರ ತಿದ್ದುವ ಪುರುಸೊತ್ತಿದ್ದರೆ ಮಾಡಬಹುದು. ಅದರ ಮೇಲೆ ನನ್ನ ಪೇಜ್‌ಮೇಕರ್ 7 ಬೇರೆ, 2001ರದ್ದು, ಅದೇ ಅದರ ಕಡೆಯ ಆವೃತ್ತಿ, ಯೂನಿಕೋಡ್ ಅಂದರೆ ಅದಕ್ಕೆ ಗೊತ್ತೇ ಇಲ್ಲ. ಅದು ನನ್ನ ತಪ್ಪು, ಕಂಪನಿದಲ್ಲ.

ಮೂರನೇ ದಿನ ಮಗ ಏನೋ ಡೌನ್‌ಲೋಡ್ ಮಾಡಬೇಕು ಅಂತ ಬಂದು ಕಡ್ಡಿ ಚುಚ್ಚಿದ. ಅವನು ಎದ್ದು ಹೋದ ಮೇಲೆ ಸುಮ್ಮನೆ, ಅಭ್ಯಾಸಬಲದಿಂದ, ತಂತ್ರಾಂಶ ತೆರೆದೆ. ತೆರೆಯಿತು. ಶ್ರೀ ಮೂಡಿತು. ಕಡ್ಡಿ ಕಿತ್ತು ಕಂಪ್ಯೂಟರ್ ಆರಿಸಿ ಹಾಕಿದೆ, ಲೈಸೆನ್ಸ್ ಇಲ್ಲ. ಚುಚ್ಚಿದೆ, ಇದೆ. ನಾಲ್ಕು ಸಲ ಮಾಡಿ ನೋಡಿದೆ, ನಂಬಲಿಕ್ಕಾಗದೆ.

ಕಡೆಗೂ ಸಪೋರ್ಟ್ ಲೈನ್ ಸಿಕ್ಕಿತು. ಅದೇ 2022ರ ಹುಡುಗಿ, ದನಿ ಗುರುತು ಹತ್ತಿತು. ಅವಳೇ ಬಿಡಿಸಿ ಹೇಳಿದಳು. ಮೆಷಿನ್ ಐಡಿಗೆ ಡಿಸ್ಕಿನ ನಂಬರು, ಬೋರ್ಡಿನ ನಂಬರು, ಜೊತೆಗೆ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ಆ ಕಾರ್ಡಿನದೇ ಗುರುತಿನ ನಂಬರು, ಸೇರುತ್ತೆ. ಆಕ್ಟಿವೇಟ್ ಮಾಡುವಾಗ ಯಾವ ಕಾರ್ಡಿನಲ್ಲಿ ಇಂಟರ್ನೆಟ್ ಓಡುತ್ತಿತ್ತೋ ಅದನ್ನೇ ಅದು ಹಿಡಿದುಕೊಂಡಿದೆ. ನನ್ನ ಪಾಲಿಗೆ ಅದು ಮಗನ ಕಡ್ಡಿ. "ಮೊದಲೇ ಹೇಳಬಾರದಾ ಮೇಡಂ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೂ ಯಾರೂ ಹೇಳಲ್ಲ ಸರ್, ಫೋನ್ ಬಂದು ಬಂದು ನಾವೇ ಕಲಿತಿದ್ದು" ಅಂದಳು. ಬೈಯಬೇಕು ಅಂತ ಬೆಳಿಗ್ಗೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳೀತು. ಕೋಡ್ ರೀಸೆಟ್ ಮಾಡಿಸಬೇಕಂದ್ರೆ 2019ರ ಬಿಲ್ ಸ್ಕ್ಯಾನ್ ಮಾಡಿ ಈಮೇಲ್ ಹಾಕಬೇಕು, ಮೇಲಿನವರು ಒಪ್ಪಬೇಕು, ಒಂದು ವಾರ. "ಅಲ್ಲೀತನಕ ಆ ಕಡ್ಡಿ ಕೀಳಬೇಡಿ ಸರ್" ಅಂದಳು.

ಈಮೇಲ್ ಹಾಕಿದೆ. ಉತ್ತರಕ್ಕೆ ಇನ್ನೂ ಕಾಯ್ತಾ ಇದ್ದೇನೆ.

ಇಂಥದ್ದು ಕೊಳ್ಳುವವರಿದ್ದರೆ ನನ್ನ ಅನುಭವದ ಮಾತು ಇಷ್ಟು. ಆಕ್ಟಿವೇಟ್ ಮಾಡುವಾಗ ಬೋರ್ಡಿನಲ್ಲೇ ಇರುವ ಲ್ಯಾನ್ ಜಾಗಕ್ಕೆ ಕೇಬಲ್ ಹಾಕಿ, ಹೊರಗಿನ ಕಡ್ಡಿ, ಡಿಸ್ಕು ಎಲ್ಲಾ ಕಿತ್ತಿಟ್ಟು ಮಾಡಿ. ಡಿಸ್ಕು ಸದ್ದು ಮಾಡಲಿಕ್ಕೆ ಶುರುಮಾಡಿದ ದಿನವೇ ಡಿಆಕ್ಟಿವೇಟ್ ಮಾಡಿ, ನಾಳೆ ಅನ್ನಬೇಡಿ. ಬಿಲ್ಲು ಈಮೇಲಿನಲ್ಲಿರಲಿ. ಅಕ್ಷರಕ್ಕೆ ಐದಕ್ಕೆ ಐದು ಸ್ಟಾರ್, ಆಕ್ಟಿವೇಷನ್ನಿಗೆ ಒಂದು, ಅದೂ ಆ ಹುಡುಗಿಗೋಸ್ಕರ. ಪಕ್ಕದ ಬೀದಿಯಲ್ಲಿ ಇದರದೇ ಕ್ರ್ಯಾಕ್, ಅಂದರೆ ಬೀಗ ಮುರಿದ ಕಳ್ಳ ಪ್ರತಿ, ಹಾಕಿಕೊಂಡಿರೋನಿಗೆ ಕಡ್ಡಿಯೂ ಬೇಡ, ಬಿಲ್ಲೂ ಬೇಡ. ಅದನ್ನ ನೆನೆಸಿಕೊಂಡರೆ ಮಾತ್ರ ಆ ಒಂದು ಸ್ಟಾರ್ ಕೊಡಲಿಕ್ಕೂ ಮನಸ್ಸು ಬರಲ್ಲ.

ಮಗನಿಗೆ ಬೇರೆ ಕಡ್ಡಿ ಕೊಡಿಸಿದೆ. ಇಂಟರ್ನೆಟ್ ಲೈನ್ ಸರಿಹೋಗಿದೆ, ವೈಫೈ ನನಗೆ ಬೇಕಿಲ್ಲ, ಆದರೂ ಇದು ಇಲ್ಲೇ ಕೂತಿದೆ. ಈಗ ಬೆಳಿಗ್ಗೆ ಊದುಬತ್ತಿ ಹಚ್ಚಿ, ಮಂಡಿಯೂರಿ, ಅದನ್ನೊಂದು ಸಲ ಬೆರಳಿನಿಂದ ಒತ್ತಿ ನೋಡ್ತೀನಿ. ಆಯುಧಪೂಜೆ ದಿನ ಮನೆಯವಳು ಕಟಿಂಗ್ ಮೆಷಿನ್, ಪ್ರಿಂಟರ್, ಯುಪಿಎಸ್‌ಗೆಲ್ಲ ಕುಂಕುಮ ಇಟ್ಟು ಬಂದು, "ಈ ಚೋಟುದ್ದದ್ದಕ್ಕೂ ಇಡಬೇಕೇನ್ರೀ?" ಅಂದಳು.

"ಅದಕ್ಕೇ ಮೊದಲು ಇಡು" ಅಂದೆ. "ಒಳಗೆ ಉದುರದ ಹಾಗೆ ನೋಡ್ಕೊ."