ಕೆಒರೀಡರ್ ಪ್ರೋಗ್ರೆಸ್ ಸಿಂಕ್: ರೀಡರ್‌ನಲ್ಲಿ ಬಿಟ್ಟ ಜಾಗ ಫೋನಲ್ಲೂ ಸಿಗ್ಬೇಕು ಅನ್ನೋರಿಗೆ

ಮೊದ್ಲೇ ಹೇಳ್ಬಿಡ್ತೀನಿ, ಕೆಒರೀಡರ್ ಅನ್ನೋ ಈ ಇ-ಪುಸ್ತಕ ಓದೋ ಆ್ಯಪ್ ನೋಡೋಕೆ ಚೆನ್ನಾಗಿಲ್ಲ. ಇ-ಇಂಕ್ ಸ್ಕ್ರೀನ್‌ಗೆ ಅಂತಾನೇ ಮಾಡಿರೋದು, ಹಾಗಾಗಿ ಫೋನಲ್ಲಿ ಹಾಕ್ಕೊಂಡ್ರೆ ಯಾವುದೋ ಹಳೇ ಕಾಲದ ಸಾಫ್ಟ್‌ವೇರ್ ತೆಗೆದ ಹಾಗೆ ಕಪ್ಪು ಬಿಳುಪು ಮೆನು, ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು ಮೆನು. ಆದ್ರೂ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಯಾಕಂದ್ರೆ ನಮ್ಮದೇ ಕನ್ನಡ ಇಪಬ್ (ಇ-ಪುಸ್ತಕದ) ಫೈಲ್‌ಗಳನ್ನ ಮನೇಲಿ ಇ-ರೀಡರ್‌ನಲ್ಲಿ, ಮೆಟ್ರೋದಲ್ಲಿ ಫೋನಲ್ಲಿ, ಬಿಟ್ಟ ಜಾಗದಿಂದಾನೇ ಓದೋ ಹಾಗೆ ಮಾಡೋಕೆ ದುಡ್ಡು ಕೊಡದೆ ಸಿಗೋದ್ರಲ್ಲಿ ನನಗೆ ಇಷ್ಟು ಗಟ್ಟಿಯಾಗಿ ಕೆಲಸ ಮಾಡಿದ್ದು ಇದೊಂದೇ. ಓಪನ್ ಸೋರ್ಸ್, ಜಾಹೀರಾತು ಇಲ್ಲ. ಆಂಡ್ರಾಯ್ಡ್‌ಗೆ ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆ್ಯಪ್ ಸ್ಟೋರ್‌ನಲ್ಲಿ ಸಿಗುತ್ತೆ, ಕೋಬೋ, ಪಾಕೆಟ್‌ಬುಕ್ ತರದ ರೀಡರ್‌ಗಳಿಗೂ ಇದೆ. ಕಿಂಡಲ್‌ಗೂ ಇದೆ, ಆದ್ರೆ ಅದಕ್ಕೆ ಜೈಲ್‌ಬ್ರೇಕ್ (ಅಮೆಜಾನ್ ಹಾಕಿದ ಬೀಗ ಮುರಿಯೋದು) ಮಾಡ್ಬೇಕು, ಅದು ಎಲ್ಲರೂ ಕೈ ಹಾಕೋ ಕೆಲಸ ಅಲ್ಲ.

ಕಿಂಡಲ್‌ನಲ್ಲೇ ಸಿಂಕ್ ಇದೆಯಲ್ಲ ಅಂತ ಕೇಳ್ತೀರ. ಇದೆ, ಅಮೆಜಾನ್‌ನಲ್ಲಿ ಕೊಂಡ ಪುಸ್ತಕಕ್ಕೆ ಆರಾಮಾಗಿ ಆಗುತ್ತೆ. ಆದ್ರೆ 2016ರಲ್ಲಿ ಕಿಂಡಲ್ ಭಾರತೀಯ ಭಾಷೆಗಳಿಗೆ ಅಂತ ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಐದು ಇತ್ತು, ಕನ್ನಡ ಇರ್ಲಿಲ್ಲ. ಹಂಗಾಗಿ ನಮ್ಮ ಜನ ಬೇರೆ ಕಡೆಯಿಂದ ಇಪಬ್ ತಂದು, ಕಿಂಡಲ್ ಓದೋ ಫಾರ್ಮ್ಯಾಟ್‌ಗೆ ಬದಲಾಯಿಸಿ, ಕೇಬಲ್ ಹಾಕಿ ಕಾಪಿ ಮಾಡೋದು ಅಭ್ಯಾಸ ಮಾಡ್ಕೊಂಡ್ರು, ಕೇಬಲ್‌ನಲ್ಲಿ ಹಾಕಿದ ಫೈಲ್‌ಗೆ ಕಿಂಡಲ್‌ನಲ್ಲಿ ಸಿಂಕ್ ಇಲ್ಲವೇ ಇಲ್ಲ, ಅದು ಆ ಡಿವೈಸ್‌ನಲ್ಲಿ ಮಾತ್ರ ಇರುತ್ತೆ. ಸಿಂಕ್ ಬೇಕಂದ್ರೆ ಅಮೆಜಾನ್‌ನದೇ ಸೆಂಡ್ ಟು ಕಿಂಡಲ್ ಸೇವೆ ಮೂಲಕವೇ ಕಳಿಸ್ಬೇಕು, ಅದು 2022ರಿಂದ ಇಪಬ್ ನೇರವಾಗಿ ತಗೊಳ್ಳುತ್ತೆ. ಇನ್ನೊಂದು, ಫಾರಿನ್‌ನಲ್ಲಿ ಇದ್ದು ಬಂದವರ ಮನೇಲಿ ಫೋನ್ ಒಂದು ಅಕೌಂಟ್‌ನಲ್ಲಿ, ರೀಡರ್ ಇನ್ನೊಂದು ಅಕೌಂಟ್‌ನಲ್ಲಿ ರಿಜಿಸ್ಟರ್ ಆಗಿರುತ್ತೆ, ಹಾಗಿದ್ರೆ ತಿಪ್ಪರಲಾಗ ಹಾಕಿದ್ರೂ ಸಿಂಕ್ ಆಗಲ್ಲ. ನೀವು ಕಿಂಡಲ್‌ನೋರಾದ್ರೆ ಈ ಎರಡು ನೋಡ್ಕೊಂಡ್ರೆ ಬಹುಪಾಲು ತೊಂದರೆ ಮುಗೀತು, ಮುಂದೆ ಓದೋದೇ ಬೇಡ.

ಕನ್ನಡ ಇ-ಪುಸ್ತಕ ಮಾರೋ ಮೈಲ್ಯಾಂಗ್ ಆಗಲಿ ಗೂಗಲ್ ಪ್ಲೇ ಬುಕ್ಸ್ ಆಗಲಿ, ಅಲ್ಲೇ ಕೊಂಡು ಆ ಆ್ಯಪ್‌ನಲ್ಲೇ ಓದೋರಿಗೂ ಇದು ಬೇಡ. ಪ್ಲೇ ಬುಕ್ಸ್‌ನಲ್ಲಂತೂ ನಮ್ಮ ಇಪಬ್ ಅಪ್‌ಲೋಡ್ ಮಾಡಿದ್ರೂ ಓದಿದ ಜಾಗ ನೆನಪಿಟ್ಕೊಳ್ಳುತ್ತೆ, ಆಂಡ್ರಾಯ್ಡ್ ಇರೋ ಇ-ರೀಡರ್ ಆದ್ರೆ ಅದೇ ಸಾಕು ಅನ್ನೋರು ಇದ್ದಾರೆ, ಅವರ ಜೊತೆ ನನ್ನ ಜಗಳ ಇಲ್ಲ. ನನಗೆ ಫಾಂಟ್, ಮಾರ್ಜಿನ್, ಸಾಲಿನ ಅಂತರ ಎಲ್ಲ ನನ್ನಿಷ್ಟದ ಹಾಗೆ ಬೇಕು, ಫೈಲ್ ನನ್ನ ಹತ್ರಾನೇ ಇರ್ಬೇಕು, ಅದಕ್ಕೆ ಇದು.

ಸೆಟಪ್ ಎರಡು ನಿಮಿಷದ್ದು. ಯಾವುದಾದ್ರೂ ಪುಸ್ತಕ ತೆಗೆದು ಮೇಲಿನ ಮೆನುನಲ್ಲಿ ಟೂಲ್ಸ್ ಒಳಗೆ ಪ್ರೋಗ್ರೆಸ್ ಸಿಂಕ್ ಅಂತ ಇದೆ, ಅಲ್ಲಿ ಒಂದು ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ರಿಜಿಸ್ಟರ್ ಆಗಿ, ಇನ್ನೊಂದು ಡಿವೈಸ್‌ನಲ್ಲಿ ಅದೇ ಹೆಸರಲ್ಲಿ ಲಾಗಿನ್ ಆಗಿ. ಇಮೇಲ್ ಕೇಳಲ್ಲ, ಫೋನ್ ನಂಬರ್ ಕೇಳಲ್ಲ, ಒಳ್ಳೇದೇ, ಆದ್ರೆ ಪಾಸ್‌ವರ್ಡ್ ಮರೆತ್ರೆ ಗೋವಿಂದಾ, ರೀಸೆಟ್ ಮಾಡೋ ದಾರಿ ಇಲ್ಲ, ಇನ್ನೊಂದು ಹೆಸರಲ್ಲಿ ಹೊಸದಾಗಿ ಶುರು ಮಾಡ್ಬೇಕಷ್ಟೆ. ಸರ್ವರ್‌ಗೆ ಪುಸ್ತಕ ಹೋಗಲ್ಲ ಅನ್ನೋದು ಗೊತ್ತಿರ್ಲಿ. ಫೈಲ್‌ನ ಒಂದು ಗುರುತು, ಎಲ್ಲಿದ್ದೀರಿ, ಶೇಕಡಾ ಎಷ್ಟು ಓದಿದ್ದೀರಿ, ಯಾವ ಡಿವೈಸ್, ಇಷ್ಟೇ ಹೋಗೋದು. ಅದೂ ಬೇಡ ಅನ್ನೋರು ಸ್ವಂತ ಸರ್ವರ್ ಇಟ್ಕೋಬಹುದು.

ಆ ಗುರುತು ಅಂದ್ನಲ್ಲ, ತೊಂದರೆಯ ಬೇರು ಇರೋದು ಅಲ್ಲೇ. ಕೆಒರೀಡರ್ ಪುಸ್ತಕದ ಹೆಸರು, ಲೇಖಕರ ಹೆಸರು ನೋಡಿ ಇದು ಅದೇ ಪುಸ್ತಕ ಅಂತ ಗುರುತಿಸಲ್ಲ. ಫೈಲ್ ಒಳಗೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಲೆಕ್ಕ ಹಾಕಿ ಒಂದು ಹ್ಯಾಶ್ ಮಾಡ್ಕೊಳ್ಳುತ್ತೆ, ಎರಡೂ ಕಡೆ ಅದು ಒಂದೇ ಬಂದ್ರೆ ಮಾತ್ರ ಸಿಂಕ್. ಇಲ್ಲಾಂದ್ರೆ "ನೋ ಪ್ರೋಗ್ರೆಸ್ ಫೌಂಡ್" ಅಂತ ಒಂದು ಸಾಲು ತೋರ್ಸಿ ಸುಮ್ಮನಾಗುತ್ತೆ, ಯಾಕೆ ಸಿಗ್ಲಿಲ್ಲ ಅಂತ ಒಂದಕ್ಷರ ಹೇಳಲ್ಲ. ಜನ ಲಾಗಿನ್ ಸರಿ ಇಲ್ವೇನೋ, ಸರ್ವರ್ ಡೌನ್ ಇರ್ಬೇಕು ಅಂತ ಆ್ಯಪ್ ತೆಗೆದು ಮತ್ತೆ ಹಾಕಿ ಒದ್ದಾಡ್ತಾರೆ, ನಿಜವಾಗಿ ನೋಡಿದ್ರೆ ಎರಡು ಕಡೆ ಇರೋದು ಎರಡು ಬೇರೆ ಫೈಲ್.

ಬೇರೆ ಹೇಗಾಗುತ್ತೆ ಅಂದ್ರೆ, ಕ್ಯಾಲಿಬರ್ ಬಳಸೋರಿಗೆ ಇದು ದಿನಾ ಆಗೋ ವಿಷಯ. ಕೋವಿದ್ ಗೋಯಲ್ ಅವರು 2006ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಅದು, ಇವತ್ತಿಗೂ ಇ-ಪುಸ್ತಕ ಜೋಡಿಸಿಡೋಕೆ ಅದರ ಮುಂದೆ ಇನ್ನೊಂದಿಲ್ಲ. ಆದ್ರೆ ಅದು ಡಿವೈಸ್‌ಗೆ ಕಳಿಸುವಾಗ ನೀವು ತಿದ್ದಿದ ಹೆಸರು, ಮುಖಪುಟ, ಸೀರೀಸ್ ಎಲ್ಲ ಫೈಲ್ ಒಳಗೇ ಬರೆದು ಕಳಿಸುತ್ತೆ. ಈಗ ರೀಡರ್‌ಗೆ ಕ್ಯಾಲಿಬರ್‌ನಿಂದ ಹೋಗಿದ್ದು ಒಂದು, ಫೋನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟಿದ್ದು ಇನ್ನೊಂದು, ಕಣ್ಣಿಗೆ ಎರಡೂ ಒಂದೇ, ಹ್ಯಾಶ್ ಬೇರೆ. ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ಇಳಿಸ್ಕೊಳ್ಳೋರೂ ಗಮನಿಸಿ, ಅಲ್ಲಿ ಫೈಲ್ ರೆಡಿಯಾಗಿ ಇಟ್ಟಿರಲ್ಲ, ಪುಟಗಳನ್ನ ಸೇರಿಸಿ ಆಗ ಕಟ್ಟಿ ಕೊಡೋದು, ಅದಕ್ಕೆ ಫೋನಲ್ಲಿ ಒಂದ್ಸಲ, ರೀಡರ್‌ನಲ್ಲಿ ಇನ್ನೊಂದ್ಸಲ ಇಳಿಸಿದ್ರೆ ಎರಡೂ ಒಂದೇ ಆಗಿರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಂದು ಕಡೆ ಇಳಿಸಿ, ಅದೇ ಫೈಲನ್ನ ಇನ್ನೊಂದು ಕಡೆಗೆ ಕಾಪಿ ಮಾಡಿ.

ಹ್ಯಾಶ್ ಗೋಜೇ ಬೇಡ ಅಂದ್ರೆ ಪ್ರೋಗ್ರೆಸ್ ಸಿಂಕ್ ಮೆನುನಲ್ಲೇ ಡಾಕ್ಯುಮೆಂಟ್ ಮ್ಯಾಚಿಂಗ್ ಮೆಥಡ್ ಅಂತ ಇದೆ, ಅದನ್ನ ಬೈನರಿಯಿಂದ ಫೈಲ್‌ನೇಮ್‌ಗೆ ಬದಲಾಯಿಸಿ, ಎರಡೂ ಡಿವೈಸ್‌ನಲ್ಲಿ ಬದಲಾಯಿಸ್ಬೇಕು. ಆಗ ಫೈಲ್ ಹೆಸರು ಒಂದೇ ಇದ್ರೆ ಸಾಕು. ಆದ್ರೆ ಇದ್ರಲ್ಲೂ ಕೊಕ್ಕೆ ಇದೆ: ಎರಡು ಸಲ ಡೌನ್‌ಲೋಡ್ ಆದಾಗ ಬ್ರೌಸರ್ ಆ ಫೈಲ್ ಹೆಸರಿನ ಕೊನೇಲಿ (1) ಅಂತ ನಂಬರ್ ಸೇರಿಸಿಬಿಡುತ್ತೆ. ಫೈಲ್‌ಗೆ ಕನ್ನಡದಲ್ಲಿ ಹೆಸರಿಡೋರಿಗೆ ಇನ್ನೊಂದು ಸೂಕ್ಷ್ಮ ಇದೆ. ಅರ್ಧಾಕ್ಷರ ಆದ್ಮೇಲೆ ಕೆಲವು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯೋ ಕ್ಯಾರೆಕ್ಟರ್ ಹಾಕುತ್ತೆ, ಕೆಲವು ಹಾಕಲ್ಲ. ಫೋನಲ್ಲಿ ಟೈಪ್ ಮಾಡಿದ ಹೆಸರು, ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿದ ಹೆಸರು ಓದೋಕೆ ಅಕ್ಷರಕ್ಕೆ ಅಕ್ಷರ ಒಂದೇ ಇದ್ರೂ ಕಂಪ್ಯೂಟರ್ ಲೆಕ್ಕದಲ್ಲಿ ಬೇರೆ ಆಗ್ಬಹುದು. ಒಂದು ಕಡೆ ಹೆಸರಿಟ್ಟು ಕಾಪಿ ಮಾಡಿ, ಎರಡನೇ ಸಲ ಟೈಪ್ ಮಾಡ್ಬೇಡಿ.

ಕಾಪಿ ಮಾಡೋ ಕೆಲಸಕ್ಕೆ ನಾನು ಇಟ್ಕೊಂಡಿರೋದು ಸಿಂಕ್‌ಥಿಂಗ್. ಫೋನು, ರೀಡರ್ ಎರಡರಲ್ಲೂ ಆಂಡ್ರಾಯ್ಡ್ ಇದ್ರೆ ಒಂದೇ ಫೋಲ್ಡರ್ ಎರಡು ಕಡೆ ಇರುತ್ತೆ, ಮಧ್ಯದಲ್ಲಿ ಕ್ಲೌಡ್ ಅಂತ ಯಾರೂ ಇಲ್ಲ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತೋಯ್ತು, ಈಗ ಹಾಕ್ಕೋಬೇಕಾದ್ದು ಸಿಂಕ್‌ಥಿಂಗ್ ಫೋರ್ಕ್. ಇಲ್ಲೊಂದು ಎಚ್ಚರಿಕೆ ಮಾತ್ರ ಹೇಳ್ಲೇಬೇಕು. ಕೆಒರೀಡರ್ ಪ್ರತಿ ಪುಸ್ತಕದ ಪಕ್ಕದಲ್ಲೇ ಎಸ್‌ಡಿಆರ್ ಅಂತ ಕೊನೆಯಾಗೋ ಒಂದು ಫೋಲ್ಡರ್ ಮಾಡುತ್ತೆ, ಅದರೊಳಗೆ ಓದಿದ ಜಾಗ, ಹೈಲೈಟ್, ಜೊತೆಗೆ ಆ ಪುಸ್ತಕಕ್ಕೆ ಇಟ್ಟ ಫಾಂಟ್ ಸೈಜು ಮಾರ್ಜಿನ್ನು ಎಲ್ಲ ಇರುತ್ತೆ. ಅದನ್ನೂ ಸಿಂಕ್‌ಥಿಂಗ್ ಹೊತ್ಕೊಂಡು ಹೋದ್ರೆ ಏಳಿಂಚಿನ ರೀಡರ್‌ಗೆ ಇಟ್ಟ ಮಾರ್ಜಿನ್ನು ಫೋನಿಗೆ ಬಂದು ಕೂರುತ್ತೆ, ಸಾಲಿಗೆ ಎರಡು ಪದ ಕಾಣ್ತಿರುತ್ತೆ. ಎರಡೂ ಕಡೆ ಪುಸ್ತಕ ತೆಗೆದಿಟ್ಟಿದ್ರೆ ಸಿಂಕ್-ಕಾನ್‌ಫ್ಲಿಕ್ಟ್ ಅನ್ನೋ ಹೆಸರಿನ ಫೈಲ್‌ಗಳು ಬೇರೆ ಹುಟ್ಕೊಳ್ತವೆ. ಕೆಒರೀಡರ್ ಸೆಟ್ಟಿಂಗ್ಸ್‌ನಲ್ಲಿ ಬುಕ್ ಮೆಟಾಡೇಟಾ ಲೊಕೇಶನ್ ಅಂತ ಇದೆ, ಅದನ್ನ ಬುಕ್ ಫೋಲ್ಡರ್‌ನಿಂದ ತೆಗೆದು ಕೆಒರೀಡರ್‌ನ ಸ್ವಂತ ಫೋಲ್ಡರ್‌ಗೆ ಹಾಕಿಬಿಡಿ. ಫೈಲ್ ಒಯ್ಯೋದು ಸಿಂಕ್‌ಥಿಂಗ್, ಜಾಗ ಒಯ್ಯೋದು ಪ್ರೋಗ್ರೆಸ್ ಸಿಂಕ್, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆ ಹಾಕ್ಬಾರ್ದು.

ಇಷ್ಟಾದ್ಮೇಲೂ ಕೆಲವರಿಗೆ ಒಂದಿನ ಆಗುತ್ತೆ ಒಂದಿನ ಆಗಲ್ಲ. ಅದು ಬಹುತೇಕ ವೈಫೈ ಸಮಸ್ಯೆ. ಬ್ಯಾಟರಿ ಉಳಿಸೋಕೆ ಅಂತ ರೀಡರ್‌ನಲ್ಲಿ ವೈಫೈ ಆಫ್ ಇರುತ್ತೆ, ಓದಿ ಕವರ್ ಮುಚ್ಚಿದ ತಕ್ಷಣ ಅದು ನಿದ್ದೆಗೆ ಹೋಗುತ್ತೆ, ಜಾಗ ಸರ್ವರ್‌ಗೆ ಹೋಗಿರೋದೇ ಇಲ್ಲ. ಆಮೇಲೆ ಮೆಟ್ರೋದಲ್ಲಿ ನಿಂತ್ಕೊಂಡು ಫೋನ್ ತೆಗೆದ್ರೆ ಮೊನ್ನೆಯ ಅಧ್ಯಾಯ. ಆಟೊಮ್ಯಾಟಿಕ್ ಆಗಿ ಸಿಂಕ್ ಮಾಡೋ ಟಿಕ್ ಇದೆ, ಅದರ ಜೊತೆ ವೈಫೈ ಆಫ್ ಇದ್ದಾಗ ಏನು ಮಾಡ್ಬೇಕು ಅನ್ನೋ ಸೆಟ್ಟಿಂಗ್‌ನ ಟರ್ನ್ ಆನ್ ಅಂತ ಇಡ್ಬೇಕು, ಅದಿಲ್ಲದೆ ಆಟೋ ಸಿಂಕ್ ಸರಿಯಾಗಿ ನಡೆಯಲ್ಲ. ನನಗೆ ಹಿಡಿಸಿದ್ದು ಬೇರೆ ದಾರಿ: ಪುಶ್ ಪ್ರೋಗ್ರೆಸ್ (ಜಾಗ ಸರ್ವರ್‌ಗೆ ಕಳಿಸೋದು) ಅನ್ನೋದನ್ನ ಒಂದು ಜೆಸ್ಚರ್‌ಗೆ ಕಟ್ಟಿ ಹಾಕಿದೀನಿ, ಸ್ಕ್ರೀನ್ ಮೂಲೆ ಮೇಲೆ ಒತ್ತಿ ಹಿಡಿದ್ರೆ ಆಯ್ತು. ಫೋನಲ್ಲಿ ಇನ್ನೊಂದು ಮೂಲೆಗೆ ಪುಲ್, ಅಂದ್ರೆ ಜಾಗ ಸರ್ವರ್‌ನಿಂದ ತರಿಸೋದು. ಆಟೋಗಿಂತ ಇದೇ ನಂಬಿಕಸ್ತ ಅನ್ಸುತ್ತೆ, ಹೋಯ್ತೋ ಇಲ್ವೋ ಕಣ್ಣೆದುರಿಗೇ ಗೊತ್ತಾಗುತ್ತೆ. ಆಂಡ್ರಾಯ್ಡ್ ರೀಡರ್‌ಗಳಲ್ಲಿ ಹಿನ್ನೆಲೆ ಆ್ಯಪ್‌ಗಳನ್ನ ಫ್ರೀಜ್ ಮಾಡೋ ಚಾಳಿ ಇರುತ್ತೆ, ಸಿಂಕ್‌ಥಿಂಗ್‌ಗೆ ಅದರಿಂದ ವಿನಾಯಿತಿ ಕೊಟ್ಟಿರಿ.

ಇನ್ನೊಂದು ಯಾರೂ ನೋಡದ ಸೆಟ್ಟಿಂಗ್. ಬೇರೆ ಡಿವೈಸ್‌ನಲ್ಲಿ ಮುಂದೆ ಹೋಗಿದ್ರೆ ಕೆಒರೀಡರ್ ಕೇಳುತ್ತೆ, ಹಿಂದೆ ಇದ್ರೆ ಡೀಫಾಲ್ಟ್ ಆಗಿ ಸುಮ್ನೆ ಇರುತ್ತೆ. ಮೇಲ್ನೋಟಕ್ಕೆ ಸರಿಯೇ. ಆದ್ರೆ ಹಳಗನ್ನಡದ್ದೋ ವಚನದ್ದೋ ಪುಸ್ತಕ ಓದ್ತಾ ಅರ್ಥ ನೋಡೋಕೆ ಕೊನೆಯ ಶಬ್ದಕೋಶಕ್ಕೆ ಹಾರಿ, ಅಲ್ಲೇ ಮುಚ್ಚಿಟ್ರೆ ಆ ಡಿವೈಸ್ ಪ್ರಕಾರ ನೀವು ಶೇಕಡಾ 97 ಮುಗಿಸಿದ್ದೀರಿ, ಆಮೇಲೆ ಇನ್ನೊಂದರಲ್ಲಿ ನೀವು ನಿಜವಾಗಿ ಓದಿರೋ ಜಾಗ ಇದಕ್ಕೆ ವಾಪಸ್ ಬರೋದೇ ಇಲ್ಲ. ಮುಂದೆ, ಹಿಂದೆ ಎರಡಕ್ಕೂ ಪ್ರಾಂಪ್ಟ್ (ಕೇಳು) ಅಂತ ಇಡಿ, ಎಷ್ಟು ಪರ್ಸೆಂಟ್‌ಗೆ ಹೋಗ್ಲಿ ಅಂತ ತೋರ್ಸಿ ಕೇಳುತ್ತೆ.

ಪುಟದ ನಂಬರ್ ಎರಡು ಕಡೆ ಬೇರೆ ಬರುತ್ತಲ್ಲ, ಸಿಂಕ್ ತಪ್ಪಿದೆ ಅಂತ ಗಾಬರಿ ಬೀಳ್ಬೇಡಿ. ರೀಡರ್‌ನಲ್ಲಿ 400 ಪುಟ ಇದ್ದದ್ದು ಫೋನಲ್ಲಿ 900 ಆಗಿರುತ್ತೆ. ಇಪಬ್‌ನಲ್ಲಿ ಅದು ಪುಟ ಲೆಕ್ಕ ಇಟ್ಕೊಳ್ಳೋದೇ ಇಲ್ಲ, ಯಾವ ಪ್ಯಾರಾ, ಅದರಲ್ಲಿ ಎಷ್ಟನೇ ಅಕ್ಷರ ಅಂತ ಗುರುತು ಇಟ್ಕೊಳ್ಳೋದು, ಅದಕ್ಕೇ ಫಾಂಟ್ ಎಷ್ಟು ದೊಡ್ಡದು ಮಾಡಿದ್ರೂ ಜಾಗ ಕರೆಕ್ಟಾಗಿ ಸಿಗುತ್ತೆ. ಕನ್ನಡ ಓದೋಕೆ ನೋಟೋ ಸೆರಿಫ್ ಕನ್ನಡ ಫಾಂಟ್ ಫೈಲನ್ನ ಕೆಒರೀಡರ್‌ನ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಫಾಂಟ್ ಕರ್ನಿಂಗ್ (ಅಕ್ಷರ ಜೋಡಿಸೋ ಸೆಟ್ಟಿಂಗ್) ಅನ್ನೋದು ಬೆಸ್ಟ್‌ನಲ್ಲೇ ಇದ್ಯಾ ನೋಡ್ಕೊಳ್ಳಿ. ಅದನ್ನ ಫಾಸ್ಟ್‌ಗೆ ಇಳಿಸಿದ್ರೆ ಪುಟ ತಿರುಗೋದು ಬೇಗ ಆಗ್ಬಹುದು, ಆದ್ರೆ ಒತ್ತಕ್ಷರ ಕೆಳಗೆ ಕೂರೋ ಬದಲು ಪಕ್ಕದಲ್ಲಿ ಬಂದು ನಿಂತ್ಕೊಳ್ಳುತ್ತೆ, "ಅಕ್ಕ" ಅನ್ನೋದು "ಅಕ್‌ಕ" ಆಗುತ್ತೆ.

ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ, ಪ್ರೋಗ್ರೆಸ್ ಸಿಂಕ್ ಜಾಗ ಮಾತ್ರ ಒಯ್ಯುತ್ತೆ, ಹೈಲೈಟು ನೋಟ್ಸು ಒಯ್ಯಲ್ಲ. ಗೆರೆ ಹಾಕ್ಕೊಂಡು ಓದೋರಿಗೆ ಇದು ದೊಡ್ಡ ಕೊರತೆ, ನಾನಂತೂ ಗೆರೆ ಹಾಕೋ ಕೆಲಸ ರೀಡರ್‌ನಲ್ಲಿ ಮಾತ್ರ ಅಂತ ಇಟ್ಕೊಂಡಿದೀನಿ. ಡಿಆರ್‌ಎಂ ಅನ್ನೋ ಕಾಪಿ ತಡೆಯೋ ಬೀಗ ಇರೋ ಪುಸ್ತಕ ತೆಗೆಯಲ್ಲ, ಹಾಗಾಗಿ ಕೊಂಡ ಪುಸ್ತಕ ಎಲ್ಲ ಇದರೊಳಗೆ ಬರುತ್ತೆ ಅಂತ ಅಂದ್ಕೋಬೇಡಿ. ಐಫೋನ್‌ಗೆ ಕೆಒರೀಡರ್ ಇಲ್ಲ, ಮನೇಲಿ ಅದು ಇದ್ರೆ ಪ್ಲೇ ಬುಕ್ಸ್ ಕಡೆ ನೋಡೋದೇ ವಾಸಿ.

ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪಿಡಿಎಫ್‌ಗಳ ಕಥೆ ಕೇಳೋರಿಗೆ: ಅದಕ್ಕೂ ಸಿಂಕ್ ಆಗುತ್ತೆ, ಅಲ್ಲಿ ಪುಟದ ನಂಬರೇ ಲೆಕ್ಕ. ಆದ್ರೆ ಆರಿಂಚಿನ ಫೋನಲ್ಲಿ ಆ ಪುಟ ಹಿಗ್ಗಿಸಿ ಎಳೆದು ಎಳೆದು ಓದೋ ತಾಳ್ಮೆ ಇದ್ದೋರಿಗೆ ಮಾತ್ರ.