ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್: ಆಕ್ರಮಣಕ್ಕೆ ಪಕ್ಕಾ ಲೆಕ್ಕ, ರಕ್ಷಣೆಗೆ ಅರ್ಧ ಲೆಕ್ಕ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರನೊಬ್ಬನಿಂದ ಅವನ ತಂಡಕ್ಕೆ ನಿಜವಾಗಿ ಎಷ್ಟು ಲಾಭವಾಗುತ್ತಿದೆ ಎಂಬುದನ್ನು ಅಂಕಿಅಂಶಗಳಲ್ಲಿ ನೋಡಬಯಸುವವರು ಸಾಮಾನ್ಯವಾಗಿ ಮೊದಲು ತೆರೆಯುವ ಜಾಲತಾಣ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್. ಜಸ್ಟಿನ್ ಕುಬಾಟ್ಕೊ 2004ರಲ್ಲಿ ಆರಂಭಿಸಿದ ಈ ತಾಣ ಈಗ ಸ್ಪೋರ್ಟ್ಸ್ ರೆಫರೆನ್ಸ್ ಸಂಸ್ಥೆಯ ಭಾಗವಾಗಿದೆ. ಜಾಹೀರಾತುಗಳನ್ನು ಸಹಿಸಿಕೊಂಡರೆ ಬಹುಪಾಲು ಮಾಹಿತಿ ಉಚಿತವಾಗಿಯೇ ಸಿಗುತ್ತದೆ. ಹಲವು ಷರತ್ತುಗಳನ್ನು ಜೋಡಿಸಿ ಹುಡುಕುವ ಸ್ಟಾಟ್‌ಹೆಡ್ ಸೌಲಭ್ಯವನ್ನು ಪೂರ್ತಿಯಾಗಿ ಬಳಸಲು ಮಾತ್ರ ಚಂದಾ ಕೊಡಬೇಕು. ಪ್ರತಿ ಆಟಗಾರನ ಪುಟದಲ್ಲಿಯೂ ಇರುವ ‘ಅಡ್ವಾನ್ಸ್ಡ್’ ಎಂಬ ಕೋಷ್ಟಕವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಆ ಕೋಷ್ಟಕದಲ್ಲಿ ಅತ್ಯಂತ ಸರಳವೂ ಅತ್ಯಂತ ಪ್ರಾಮಾಣಿಕವೂ ಆದ ಅಂಕಣ ಟ್ರೂ ಶೂಟಿಂಗ್, ಅಂದರೆ ಆಟಗಾರ ತನ್ನ ಪ್ರಯತ್ನಗಳನ್ನು ಎಷ್ಟು ದಕ್ಷವಾಗಿ ಅಂಕಗಳಾಗಿಸಿದ ಎಂಬ ಶೇಕಡಾವಾರು ಲೆಕ್ಕ. 2016ರ ಏಪ್ರಿಲ್‌ನಲ್ಲಿ ಕೋಬಿ ಬ್ರಯಾಂಟ್ ತಮ್ಮ ಕೊನೆಯ ಪಂದ್ಯದಲ್ಲಿ 60 ಅಂಕ ಗಳಿಸಿದರು; ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಡಿಯಾನಾ ವಿರುದ್ಧ ಕ್ಲೇ ಥಾಂಪ್ಸನ್ ಕೂಡ 60 ಅಂಕ ಗಳಿಸಿದರು. ಮರುದಿನದ ಪತ್ರಿಕೆಯಲ್ಲಿ ಎರಡೂ ಒಂದೇ ಸಂಖ್ಯೆ. ಆದರೆ ಬ್ರಯಾಂಟ್ 50 ಶಾಟ್ ಹೊಡೆದು 12 ಫ್ರೀ ಥ್ರೋ (ಫೌಲ್‌ಗೆ ಸಿಗುವ, ತಲಾ ಒಂದು ಅಂಕದ ತಡೆಯಿಲ್ಲದ ಎಸೆತ) ಎಸೆದಿದ್ದರೆ, ಥಾಂಪ್ಸನ್‌ಗೆ 33 ಶಾಟ್ ಮತ್ತು 11 ಫ್ರೀ ಥ್ರೋ ಸಾಕಾಗಿದ್ದವು. ಫ್ರೀ ಥ್ರೋಗಳ ಸಂಖ್ಯೆಯನ್ನು 0.44ರಿಂದ ಗುಣಿಸಿ, ಅದನ್ನು ಶಾಟ್‌ಗಳಿಗೆ ಕೂಡಿಸಿ, ಬಂದ ಮೊತ್ತದ ಎರಡರಷ್ಟರಿಂದ ಅಂಕಗಳನ್ನು ಭಾಗಿಸಿದರೆ ಬ್ರಯಾಂಟ್‌ಗೆ ಶೇ 54ರಷ್ಟು, ಥಾಂಪ್ಸನ್‌ಗೆ ಶೇ 79ರಷ್ಟು ಬರುತ್ತದೆ. ಶಾಟ್ ಬಿದ್ದ ಮೇಲೆ ಸಿಗುವ ಹೆಚ್ಚುವರಿ ಫ್ರೀ ಥ್ರೋ, ಟೆಕ್ನಿಕಲ್ ಫೌಲ್‌ನ ಫ್ರೀ ಥ್ರೋ ಮುಂತಾದವು ತಂಡದ ಹೊಸ ಪೊಸೆಷನ್ (ಚೆಂಡು ತಂಡದ ಕೈಯಲ್ಲಿರುವ ಒಂದು ಸರದಿ) ಒಂದನ್ನು ಖರ್ಚು ಮಾಡುವುದಿಲ್ಲವಾದ್ದರಿಂದ, ಎರಡು ಫ್ರೀ ಥ್ರೋಗೆ ಒಂದು ಪೊಸೆಷನ್ ಎಂಬ ಅರ್ಧದ ಬದಲು 0.44 ಎಂಬ ಅಂಕಿ ಬಂದಿದೆ. ಇಷ್ಟು ಲೆಕ್ಕವನ್ನು ಓದುಗರು ಕಾಗದದ ಮೇಲೆ ತಾವೇ ಮಾಡಿ ತಾಳೆ ನೋಡಬಹುದು.

ಆಟಗಾರನ ಒಟ್ಟು ದಕ್ಷತೆಯನ್ನು ಒಂದೇ ಅಂಕಿಯಲ್ಲಿ ಹೇಳಲು ಜಾನ್ ಹಾಲಿಂಜರ್ ರೂಪಿಸಿದ ಪಿಇಆರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲೀಗ್‌ನ ಸರಾಸರಿ ಯಾವಾಗಲೂ 15 ಇರುವಂತೆ ಹೊಂದಿಸಿರುವುದರಿಂದ ಓದುವುದು ಸುಲಭ. ಆದರೆ ಹೆಚ್ಚು ಶಾಟ್ ಹೊಡೆಯುವವರಿಗೆ ಅದು ಕೈ ಬಿಚ್ಚಿ ಅಂಕ ಕೊಡುತ್ತದೆ ಎಂಬ ಹಳೆಯ ದೂರು ಇಂದಿಗೂ ನ್ಯಾಯವಾದದ್ದೇ.

ಈ ತಾಣದ ನಿಜವಾದ ಆಸ್ತಿ ಡೇನಿಯಲ್ ಮೈಯರ್ಸ್ ರಚಿಸಿದ ಬಾಕ್ಸ್ ಪ್ಲಸ್-ಮೈನಸ್, ಅಂದರೆ ಬಿಪಿಎಂ. ನೂರು ಪೊಸೆಷನ್‌ಗಳಲ್ಲಿ ಸರಾಸರಿ ಆಟಗಾರನಿಗಿಂತ ಈತನಿಂದ ತಂಡಕ್ಕೆ ಎಷ್ಟು ಅಂಕಗಳ ಲಾಭ ಎಂಬುದನ್ನು ಬಾಕ್ಸ್ ಸ್ಕೋರ್ (ಪಂದ್ಯದ ಆಟಗಾರವಾರು ಅಂಕಿಪಟ್ಟಿ) ಮತ್ತು ತಂಡದ ಒಟ್ಟು ಸಾಧನೆಯಿಂದ ಅದು ಅಂದಾಜು ಮಾಡುತ್ತದೆ. ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್‌ಗಳನ್ನು (ಎದುರಾಳಿಯ ಶಾಟ್ ತಡೆಯುವುದು) ದಾಖಲಿಸಲು ಆರಂಭಿಸಿದ 1973-74ರ ಋತುವಿನಿಂದ ಈ ಅಂಕಿ ಲಭ್ಯವಿರುವುದರಿಂದ, 1987-88ರ ಮೈಕಲ್ ಜೋರ್ಡನ್ (13.0), 2008-09ರ ಲೆಬ್ರಾನ್ ಜೇಮ್ಸ್ (13.2) ಮತ್ತು 2021-22ರ ನಿಕೋಲಾ ಯೋಕಿಚ್ (13.7) ಅವರನ್ನು ಒಂದೇ ಅಳತೆಗೋಲಿನಲ್ಲಿ ನೋಡಲು ಸಾಧ್ಯವಾಗಿದೆ.

ಆದರೆ ಆ ಅಳತೆಗೋಲೂ ಒಮ್ಮೆ ಬದಲಾಗಿದೆ, ಮತ್ತು ಬದಲಾದ ರೀತಿಯೇ ಈ ತಾಣದ ಮೇಲೆ ನನಗಿರುವ ವಿಶ್ವಾಸಕ್ಕೆ ಮುಖ್ಯ ಕಾರಣ. 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಸರಾಸರಿ 31.6 ಅಂಕ, 10.7 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 10.4 ಅಸಿಸ್ಟ್ (ಸಹ-ಆಟಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್) ಗಳಿಸಿದಾಗ ಹಳೆಯ ಸೂತ್ರ ಅವರಿಗೆ 15.6 ಬಿಪಿಎಂ ಕೊಟ್ಟಿತ್ತು. ಅಸಿಸ್ಟ್ ಮತ್ತು ರೀಬೌಂಡ್‌ಗಳನ್ನು ಒಟ್ಟಿಗೆ ಗುಣಿಸಿ ಪ್ರತಿಫಲ ಕೊಡುವ ಅಂಶವೊಂದು ಆ ಸೂತ್ರದಲ್ಲಿತ್ತು. ಎರಡರಲ್ಲೂ ವಿಪರೀತ ಎತ್ತರಕ್ಕೆ ಹೋದ ಆಟಗಾರನೊಬ್ಬ ಬಂದಾಗ ಅದು ಹಿಗ್ಗಿತು. 2020ರಲ್ಲಿ ಬಂದ ಎರಡನೆಯ ಆವೃತ್ತಿ ಆಟಗಾರನ ಸ್ಥಾನವನ್ನೂ ಆಕ್ರಮಣದಲ್ಲಿ ಅವನ ಪಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ವೆಸ್ಟ್‌ಬ್ರೂಕ್ ಅವರ ಅಂಕಿ 11.1ಕ್ಕೆ ಇಳಿಯಿತು. ಈಗಲೂ ಅದು ಶ್ರೇಷ್ಠ ಋತುವೇ, ಆದರೆ ಇತಿಹಾಸದಲ್ಲೇ ಅತ್ಯುತ್ತಮವಾದದ್ದಲ್ಲ. ಈ ಬದಲಾವಣೆಯ ವಿವರವನ್ನು ಗುಣಾಂಕಗಳ ಸಮೇತ ದೀರ್ಘ ಲೇಖನದಲ್ಲಿ ಪ್ರಕಟಿಸಲಾಗಿದೆ. ಸೂತ್ರವನ್ನು ವ್ಯಾಪಾರದ ಗುಟ್ಟಿನಂತೆ ಮುಚ್ಚಿಡುವ ಇತರ ಕೆಲವು ಸೇವೆಗಳಿಗೆ ಹೋಲಿಸಿದರೆ ಇದು ಸಣ್ಣ ಸಂಗತಿಯಲ್ಲ.

ಕೊರತೆ ಇರುವುದು ರಕ್ಷಣೆಯಲ್ಲಿ. ಬಾಕ್ಸ್ ಸ್ಕೋರ್‌ಗೆ ಗೊತ್ತಿರುವ ರಕ್ಷಣೆಯೆಂದರೆ ರೀಬೌಂಡ್, ಸ್ಟೀಲ್, ಬ್ಲಾಕ್ ಮತ್ತು ಫೌಲ್ ಮಾತ್ರ. ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿದ್ದಾಗ ಶೇನ್ ಬ್ಯಾಟಿಯೆ, ಬ್ರಯಾಂಟ್ ಶಾಟ್ ಎತ್ತುವ ಹೊತ್ತಿಗೆ ಚೆಂಡಿನತ್ತ ಕೈ ಬೀಸದೆ ಅವರ ಕಣ್ಣೆದುರಿಗೆ ಅಂಗೈ ಹಿಡಿಯುತ್ತಿದ್ದರು. ಅವರನ್ನು ಕಡಿಮೆ ಫಲಪ್ರದವಾದ ಜಾಗಗಳತ್ತ ತಳ್ಳುತ್ತಿದ್ದರು. ಶಾಟ್ ತಪ್ಪಿದರೆ ರೀಬೌಂಡ್ ಹಿಡಿದವನ ಹೆಸರು ದಾಖಲಾಗುತ್ತದೆ, ತಪ್ಪಿಸಿದವನದ್ದಲ್ಲ. 2017ರಲ್ಲಿ ವರ್ಷದ ರಕ್ಷಣಾ ಆಟಗಾರ ಪ್ರಶಸ್ತಿ ಪಡೆದ ಡ್ರೇಮಂಡ್ ಗ್ರೀನ್ ಆ ಋತುವಿನಲ್ಲಿ ಗಳಿಸಿದ್ದು ಸರಾಸರಿ 10.2 ಅಂಕ; ಅವರು ತಮ್ಮ ಸಹ-ಆಟಗಾರರನ್ನು ಕೂಗಿ ಸರಿಯಾದ ಜಾಗದಲ್ಲಿ ನಿಲ್ಲಿಸುವ ಕೆಲಸಕ್ಕೆ ಯಾವ ಅಂಕಣವೂ ಇಲ್ಲ. ರಕ್ಷಣೆಯ ಅಂಕಿಗಳನ್ನು ಅಂತಿಮವೆಂದು ಭಾವಿಸಬಾರದೆಂದು ಬಿಪಿಎಂ ವಿವರಣೆಯೇ ಎಚ್ಚರಿಸಿದೆ. ಆದರೂ ಕೋಷ್ಟಕದಲ್ಲಿ ಆಕ್ರಮಣದ ಅಂಕಿಯ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ, ಒಂದು ದಶಮಾಂಶದವರೆಗೆ ಅದನ್ನು ಮುದ್ರಿಸಿರುವುದು ಓದುಗರಿಗೆ ಸಲ್ಲದ ಧೈರ್ಯ ಕೊಡುತ್ತದೆ. ಅಲ್ಲಿ ಒಂದು ಸಣ್ಣ ಗುರುತು ಹಾಕಿದ್ದರೂ ಸಾಕಿತ್ತು.

ಇದಕ್ಕೆ ಭಾಗಶಃ ಪರಿಹಾರ ‘ಪ್ಲೇ-ಬೈ-ಪ್ಲೇ’ ಕೋಷ್ಟಕದಲ್ಲಿದೆ. ಆಟಗಾರ ಅಂಗಳದಲ್ಲಿದ್ದಾಗ ಮತ್ತು ಬೆಂಚಿನಲ್ಲಿದ್ದಾಗ ತಂಡದ ಅಂಕಗಳ ಅಂತರ ಹೇಗಿತ್ತು ಎಂಬುದನ್ನು 1996-97ರಿಂದ ಈಚೆಗೆ ಅಲ್ಲಿ ನೋಡಬಹುದು. ಅಲ್ಲಿಯೂ ಒಂದು ತೊಡಕಿದೆ: ಗ್ರೀನ್ ಅಂಗಳದಲ್ಲಿದ್ದಾಗ ಅವರದೇ ತಂಡದ ಸ್ಟೆಫ್ ಕರಿ, ಥಾಂಪ್ಸನ್ ಕೂಡ ಅಲ್ಲೇ ಇರುತ್ತಿದ್ದರು, ಯಾರ ಪಾಲು ಎಷ್ಟು? ಒಬ್ಬೊಬ್ಬರ ಪಾಲನ್ನು ಬಿಡಿಸಲು ಹಿಂಚಲನೆ (ರಿಗ್ರೆಷನ್) ಎಂಬ ಸಂಖ್ಯಾಶಾಸ್ತ್ರದ ವಿಶ್ಲೇಷಣೆ ಬೇಕು. ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಾಗರಿನ್ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕಾಗಿ ಅಂಥ ಲೆಕ್ಕ ಮಾಡಿಕೊಟ್ಟಿದ್ದರು. 2010ರಲ್ಲಿ ಜೋ ಸಿಲ್ ಎಂಬುವರು ಅದೇ ವಿಶ್ಲೇಷಣೆಯ ‘ರಿಜ್’ ಎಂಬ ವಿಧಾನವನ್ನು ಅನ್ವಯಿಸಿ ಅದರಲ್ಲಿನ ಏರುಪೇರನ್ನು ತಗ್ಗಿಸಿದರು. ಆರ್‌ಎಪಿಎಂ ಎಂದು ಕರೆಯುವ ಆ ಅಂಕಿ ಈ ತಾಣದ ಕೋಷ್ಟಕಗಳಲ್ಲಿ ಇಲ್ಲ. ಅದನ್ನು ಆಧರಿಸಿದ ಇಪಿಎಂ ಎಂಬ ಅಂಕಿ ಬೇಕೆಂದರೆ ಡಂಕ್ಸ್ ಅಂಡ್ ತ್ರೀಸ್ ತಾಣಕ್ಕೆ ಹೋಗಬೇಕು. ಫೈವ್‌ಥರ್ಟಿಎಯ್ಟ್ ತಾಣದ ಇಂಥದೇ ಅಳತೆಯಾದ ರ್‍ಯಾಪ್ಟರ್ 2023ರಲ್ಲಿ ನಿಂತುಹೋಗಿದೆ.

ಹಳೆಯ ಋತುಗಳನ್ನು ಹೋಲಿಸುವವರಿಗೆ, ಶೂಟಿಂಗ್ ಮತ್ತು ಆಕ್ರಮಣದ ಚರ್ಚೆಗೆ ಇಳಿಯುವವರಿಗೆ ಉಚಿತ ಪುಟಗಳೇ ಧಾರಾಳ. ‘ಇಷ್ಟು ಬಿಪಿಎಂ ದಾಟಿದ 23 ವರ್ಷದೊಳಗಿನವರು ಯಾರು’ ಎಂಬಂಥ ಪ್ರಶ್ನೆಗಳನ್ನು ಪದೇ ಪದೇ ಕೇಳುವ ಬರಹಗಾರರಿಗೆ ಮಾತ್ರ ಸ್ಟಾಟ್‌ಹೆಡ್ ಚಂದಾ ದಂಡವಾಗುವುದಿಲ್ಲ. ಉತ್ತಮ ರಕ್ಷಕ ಯಾರು ಎಂಬ ವಾದಕ್ಕೆ ಉತ್ತರ ಹುಡುಕುತ್ತಿರುವವರು ಆ ಹಣವನ್ನು ಪಂದ್ಯಗಳ ನೇರ ಪ್ರಸಾರಕ್ಕೆ ಕೊಡುವುದು ಮೇಲು.