ಸಂಖ್ಯೆಗಳನ್ನು ಬಿಡಿಸಿ ಹೇಳುವ ಸಲಹಾ ಕೇಂದ್ರ: ಡೆಕ್ಕನ್, ಪುಣೆ

ಡೆಕ್ಕನ್ ಜಿಮಖಾನಾ ಸಮೀಪದ ಈ ವಿದೇಶಿ ಶಿಕ್ಷಣ ಸಲಹಾ ಕೇಂದ್ರಕ್ಕೆ ನಾನೂ ನನ್ನ ಮಗಳೂ ಮೂರು ಸಲ ಹೋಗಿಬಂದಿದ್ದೇವೆ. ಎಂಜಿನಿಯರಿಂಗ್ ಮುಗಿಸಿರುವ ಆಕೆಗೆ ಎಂ.ಎಸ್. ಮಾಡುವ ಆಸೆ; ಅಮೆರಿಕವೋ ಜರ್ಮನಿಯೋ ಎಂಬುದು ಮನೆಯಲ್ಲಿ ತೀರ್ಮಾನವಾಗಿರಲಿಲ್ಲ.

ಒಳಗೆ ಹೋದೊಡನೆ ಗೋಡೆಯ ಮೇಲೊಂದು ದೊಡ್ಡ ಫಲಕ ಕಾಣುತ್ತದೆ: ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳು. ಸಂಖ್ಯೆ ಸರಿಯಾದದ್ದೇ. ಅಮೆರಿಕದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಕೊಡುವ ಓಪನ್ ಡೋರ್ಸ್ ವರದಿಯ 2023-24ನೇ ಸಾಲಿನ ಅಂಕಿಗಳ ಪ್ರಕಾರ ಅಲ್ಲಿದ್ದ 11,26,690 ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಹೆಚ್ಚು, ಚೀನಾದವರು 2,77,398. ಇಷ್ಟು ಜನ ಹೋಗಿರುವಾಗ ನಮ್ಮ ಹುಡುಗಿಗೂ ದಾರಿ ಸುಲಭವೇ ಇದ್ದೀತೆಂದು ನಾನು ಭಾವಿಸಿದೆ. ಆದರೆ ನಮ್ಮನ್ನು ಕೂರಿಸಿಕೊಂಡ ಸಲಹೆಗಾರ್ತಿ, ಬೆಳಗಾವಿ ಕಡೆಯವರು, "ಕಾಕಾ, ಇವ್ರೆಲ್ಲಾ ಕ್ಲಾಸಿನ್ಯಾಗ ಕುಂತವರಲ್ರಿ, ಬಿಡಿಸಿ ನೋಡೋಣ್ರಿ" ಎಂದು ಕಾಗದ ತೆಗೆದುಕೊಂಡು ಬರೆಯತೊಡಗಿದರು. ಆ ಲೆಕ್ಕದಲ್ಲಿ 97,556 ಮಂದಿ ವಿದ್ಯಾರ್ಥಿ ವೀಸಾದವರಿಗೆ ಸಿಗುವ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯ ಮೇಲೆ, ತಾವು ಓದಿದ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡುತ್ತಿರುವವರು. 1,96,567 ಮಂದಿ ಸ್ನಾತಕೋತ್ತರ ಹಂತದವರು. ಪದವಿ ಹಂತದಲ್ಲಿರುವವರು ಕೇವಲ 36,053. ಅಂದರೆ ಪಿಯುಸಿ ಮುಗಿಸಿ ಹೋಗಬಯಸುವವರಿಗೂ ನನ್ನ ಮಗಳಿಗೂ ಈ ಒಂದೇ ಫಲಕ ಹೇಳುವುದು ಬೇರೆ ಬೇರೆ ಮಾತು. ಇದನ್ನು ತಾವಾಗಿಯೇ ಬಿಡಿಸಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಫಲಕದಲ್ಲೂ ಹಾಗೆಯೇ ಬರೆಸಬೇಕೆಂದು ಅವರಿಗೆ ಹೇಳಿಬಂದಿದ್ದೇನೆ.

ಜರ್ಮನಿಯ ಚರ್ಚೆಗೆ ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟರು. ಅಲ್ಲಿಯೂ 2022-23ರ ಚಳಿಗಾಲದ ಸೆಮಿಸ್ಟರಿನಲ್ಲಿ ಭಾರತೀಯರು 42,997ಕ್ಕೇರಿ ಚೀನೀಯರನ್ನು ಹಿಂದೆ ಹಾಕಿದರು, ಮರುವರ್ಷ 49,483 ಆದರು. 2022-23ರ ಪಟ್ಟಿಯಲ್ಲಿ ಚೀನಾದ ನಂತರದ ಸ್ಥಾನಗಳಲ್ಲಿ ಸಿರಿಯಾ, ಆಸ್ಟ್ರಿಯಾ, ಟರ್ಕಿ ಇರುವುದನ್ನು ಕಂಡು ಮಗಳು ಕಾರಣ ಕೇಳಿದಳು. ಸಿರಿಯಾದ ಬಹುತೇಕರು ಯುದ್ಧದಿಂದ ಪಾರಾಗಿ ಬಂದ ಕುಟುಂಬಗಳವರು, ಆಸ್ಟ್ರಿಯಾದವರಿಗೆ ಜರ್ಮನ್ ಮಾತೃಭಾಷೆ, ನಮ್ಮವರನ್ನು ಸೆಳೆಯುವುದು ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದಿರುವುದು ಮತ್ತು ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ಕೋರ್ಸುಗಳು ಎಂದು ತಾಳ್ಮೆಯಿಂದ ವಿವರಿಸಿದರು. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕೆಂಬುದನ್ನೂ, ವೀಸಾಗಾಗಿ ವರ್ಷದ ಖರ್ಚೆಂದು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೋಗೆ ಏರಿದ್ದನ್ನೂ ನಾವು ಕೇಳುವ ಮೊದಲೇ ಹೇಳಿದರು.

ಶುಲ್ಕದ ವಿಚಾರದಲ್ಲಿ ಮುಚ್ಚುಮರೆಯಿಲ್ಲ. ಬೇರೆ ಕೆಲವು ದೇಶಗಳ ಕಾಲೇಜುಗಳು ಇಂಥ ಕೇಂದ್ರಗಳಿಗೆ ಕಮಿಷನ್ ಕೊಡುತ್ತವೆ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಂದ ಅದು ಸಿಗದ ಕಾರಣ ನಿಮ್ಮಿಂದ ತೆಗೆದುಕೊಳ್ಳುತ್ತೇವೆ ಎಂದು ನೇರವಾಗಿ ತಿಳಿಸಿದರು. "ಉಚಿತ ಸಲಹೆ" ಎಂದು ಬರೆದಿರುವ ಕಡೆಗಳಲ್ಲಿ ತಂದೆತಾಯಂದಿರು ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಕೊರತೆಯೆಂದರೆ ಕೆನಡಾದ ಮಾಹಿತಿ ಹಾಳೆ. 2024ರ ಜನವರಿಯಲ್ಲಿ ಆ ದೇಶವು ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿ, ಆ ವರ್ಷದ ಹೊಸ ಅನುಮೋದನೆಗಳನ್ನು ಸುಮಾರು 3,60,000ಕ್ಕೆ, ಅಂದರೆ ಹಿಂದಿನ ವರ್ಷಕ್ಕಿಂತ ಶೇ. 35ರಷ್ಟು ಕಡಿಮೆಗೆ ಇಳಿಸಿತು. ಇವರು ಕೊಡುವ ಹಾಳೆ ಅದಕ್ಕೂ ಹಿಂದಿನದು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹುಡುಗ ಅದನ್ನೇ ನಂಬಿಕೊಂಡು ಅಪ್ಪನೊಂದಿಗೆ ಸಾಲದ ಮಾತಾಡುತ್ತಿದ್ದ. ನಾನು ವಿಷಯ ತಿಳಿಸಿದ ಮೇಲೆ ಇಬ್ಬರೂ ಮತ್ತೆ ಒಳಗೆ ಹೋಗಿ ಕೇಳಿದರು. ಕೆನಡಾಕ್ಕೆ ಹೋಗುವವರು ಆ ಹಾಳೆಯನ್ನು ಬದಿಗಿಟ್ಟು, ಈ ವರ್ಷದ ನಿಯಮವನ್ನು ಎದುರಿಗೇ ತೆಗೆಸಿ ನೋಡಿಕೊಳ್ಳಿ.